ಟೂ ಪೀಸ್ ಕೊಲೊಸ್ಟಮಿ ಬ್ಯಾಗ್: ರಾಯಚೂರಿನ ಬಿಸಿಲಿಗೆ ಹೇಗಿದೆ?

ನಮ್ಮ ಅಪ್ಪನಿಗೆ ಕರುಳಿನ ಆಪರೇಷನ್ ಆಗಿ, ಕರುಳನ್ನು ಹೊಟ್ಟೆಯ ಮೇಲೆ ತಂದು ಮಲ ಹೋಗಲು ದಾರಿ ಮಾಡಿದ್ದಾರೆ. ಆ ಬಾಯಿಗೆ ಸ್ಟೋಮಾ ಅಂತಾರೆ, ಅಲ್ಲಿ ಬರುವ ಮಲ ಹಿಡಿಯುವುದೇ ಕೊಲೊಸ್ಟಮಿ ಬ್ಯಾಗ್. ಮೊದಲು ಅಂಟಿಸುವ ಪ್ಲೇಟ್, ಬ್ಯಾಗ್ ಎರಡೂ ಒಂದೇ ಆಗಿರುವ ಸಿಂಗಲ್ ಪೀಸ್ ಹಾಕುತ್ತಿದ್ದೆವು, ಈಗ ಅವೆರಡೂ ಬೇರೆ ಬೇರೆ ಇರುವ ಟೂ ಪೀಸ್. ನನ್ನ ಕೇಳಿದರೆ ಟೂ ಪೀಸೇ ಒಳ್ಳೆಯದು. ಪ್ಲೇಟ್ ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ, ಬ್ಯಾಗ್ ಮಾತ್ರ ಬಿಚ್ಚಿ ಬೇರೆಯದು ಸಿಕ್ಕಿಸಬಹುದು. ಪದೇ ಪದೇ ಅಂಟು ಕಿತ್ತು ಚರ್ಮ ಕೆಂಪಾಗುವ ಕಾಟ ಇಲ್ಲ.

ಬ್ಯಾಗ್ ಎಷ್ಟೇ ಚೆನ್ನಾಗಿರಲಿ, ಪ್ಲೇಟ್ ಕತ್ತರಿಸಲು ಬರದಿದ್ದರೆ ದುಡ್ಡು ದಂಡ. ತೂತು ಸ್ಟೋಮಾಗಿಂತ 2-3 ಮಿ.ಮೀ. ಮಾತ್ರ ದೊಡ್ಡದಿರಬೇಕು. ಅದಕ್ಕಿಂತ ಜಾಸ್ತಿಯಾದರೆ ಮಲ ಚರ್ಮಕ್ಕೆ ತಾಗಿ ಉರಿಯುತ್ತದೆ, ಚಿಕ್ಕದಾದರೆ ಸ್ಟೋಮಾಗೆ ಒತ್ತುತ್ತದೆ. ಆಪರೇಷನ್ ಆದ ಮೇಲೆ 6-8 ವಾರ ಸ್ಟೋಮಾ ಕುಗ್ಗುತ್ತಾ ಬರುತ್ತದೆ, ಹಾಗಾಗಿ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಅಳತೆಯನ್ನೇ ನಂಬಿಕೊಂಡು ಕೂರದೆ ಪ್ರತಿ ಸಲ ಅಳೆದು ಕತ್ತರಿಸಿ. ಸುತ್ತಲಿನ ಚರ್ಮ ಬರೀ ನೀರಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಡೆಟಾಲ್ ಬೇಡ, ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ಅಂಟು ಹಿಡಿಯುವುದಿಲ್ಲ. ಪ್ಲೇಟ್ ಅಂಟಿಸಿದ ಮೇಲೆ ಒಂದೆರಡು ನಿಮಿಷ ಅಂಗೈಯಿಂದ ಒತ್ತಿ ಹಿಡಿಯಿರಿ, ಆ ಕಾವಿಗೆ ಗಟ್ಟಿ ಕೂರುತ್ತದೆ.

ಇಷ್ಟೂ ವಿಷಯ ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಕೇಳಿಸಿಕೊಂಡರೆ ಯಾರ ತಲೆಗೂ ಹೋಗುವುದಿಲ್ಲ, ಅಲ್ವಾ? ವಾರ್ಡಿನಲ್ಲಿರುವಾಗಲೇ ಸಿಸ್ಟರ್ ಎದುರಿಗೆ ಪೇಷಂಟ್ ಕೈಯಿಂದಲೇ ಒಮ್ಮೆ ಹಾಕಿಸಿ. ಸ್ಟೋಮಾ ಮುಟ್ಟಿದರೆ ನೋಯುವುದಿಲ್ಲ, ಅದರಲ್ಲಿ ನೋವಿನ ನರವೇ ಇಲ್ಲ. ಇದು ಗೊತ್ತಾದಮೇಲೇ ಅಪ್ಪ ಧೈರ್ಯವಾಗಿ ತಾವೇ ಬದಲಾಯಿಸಿಕೊಳ್ಳಲು ಶುರು ಮಾಡಿದ್ದು. ಆಮೇಲೆ ಗಂಜ್‌ಗೂ ಹೋದರು, ಬಸ್ಸಲ್ಲಿ ಮಂತ್ರಾಲಯಕ್ಕೂ ಹೋಗಿಬಂದರು. ಅಲ್ಲಿಯವರೆಗೆ ನೆಂಟರು ಬಂದರೆ ಒಳಮನೆ ಬಿಟ್ಟು ಬರುತ್ತಿರಲಿಲ್ಲ.

ಬೇಸಿಗೆಯಲ್ಲಿ ತೊಂದರೆ ಇದೆ. 40 ಡಿಗ್ರಿ ದಾಟಿದಾಗ ಬೆವರಿಗೆ ಪ್ಲೇಟಿನ ಅಂಚು ಏಳುತ್ತದೆ, ಬೇರೆ ದಿನಗಳಲ್ಲಿ ಮೂರು-ನಾಲ್ಕು ದಿನ ಬರುವುದು ಆಗ ಅಷ್ಟು ಬರಲ್ಲ. ಸ್ಟಾಕನ್ನು ತಗಡಿನ ಶೆಡ್ಡಿನಲ್ಲೋ ಕಾರಿನಲ್ಲೋ ಇಡಬೇಡಿ, ಅಂಟು ಮೆತ್ತಗಾಗುತ್ತದೆ. ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ತುಂಬಿ ಭಾರವಾದರೆ ಪ್ಲೇಟನ್ನೂ ಎಳೆದು ಕೀಳುತ್ತದೆ.

ಊಟ ಮೊದಲಿನಂತೆಯೇ. ರೊಟ್ಟಿ ಚೆನ್ನಾಗಿ ಅಗಿದು ತಿನ್ನುತ್ತಾರೆ, ಪುಂಡಿಪಲ್ಯನೂ ಆಗುತ್ತದೆ. ಎಲೆಕೋಸು, ಕಾಳು ತಿಂದ ದಿನ ಗ್ಯಾಸ್ ಜಾಸ್ತಿ, ಅದಕ್ಕೆ ಹೊರಗೆ ಹೋಗುವ ದಿನ ಬಿಡುತ್ತಾರೆ. ಸ್ಟೋಮಾ ಕೆಂಪಗೆ, ತೇವವಾಗಿ ಇರಬೇಕು. ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ, ಇಲ್ಲವೇ ಹೊಟ್ಟೆನೋವು, ವಾಂತಿ ಆಗಿ ಮಲವೇ ಬರದಿದ್ದರೆ ತಕ್ಷಣ ಡಾಕ್ಟರ್ ಹತ್ತಿರ ಹೋಗಿ.

ಖರೀದಿಸುವಾಗ ಒಂದು ನೆನಪಿಡಿ. ಕೋಲೋಪ್ಲಾಸ್ಟ್, ಹೊಲಿಸ್ಟರ್, ಕಾನ್ವಾಟೆಕ್ ಮೂರೂ ಟೂ ಪೀಸ್ ಮಾಡುತ್ತವೆ, ಆದರೆ ಒಂದರ ಪ್ಲೇಟಿಗೆ ಇನ್ನೊಂದರ ಬ್ಯಾಗ್ ಕೂರುವುದಿಲ್ಲ. ಒಂದೇ ಕಂಪನಿಯದ್ದಾದರೂ ಪ್ಲೇಟಿಗೆ ಬ್ಯಾಗ್ ಸಿಕ್ಕಿಸುವ ರಿಂಗಿನ ಸೈಜ್ ಎರಡರಲ್ಲೂ ಒಂದೇ ಇರಬೇಕು. ಹಳೆ ಡಬ್ಬಿಯ ಫೋಟೋ ಮೊಬೈಲಲ್ಲಿ ಇಟ್ಟುಕೊಳ್ಳಿ. ಇಲ್ಲಿನ ಮೆಡಿಕಲ್ ಶಾಪ್‌ಗಳಲ್ಲಿ ಕೇಳಿದ ತಕ್ಷಣ ಸಿಗುವುದು ಕಡಿಮೆ, ಆರ್ಡರ್ ಕೊಟ್ಟರೆ ತರಿಸಿಕೊಡುತ್ತಾರೆ. ಕೊನೆಯ ಪ್ಲೇಟ್ ತೆಗೆಯುವವರೆಗೆ ಕಾಯಬೇಡಿ.