ನೆಗ್ಗಿದ ಹಿತ್ತಾಳೆ ಕೇಸಿಗೆ ರಬ್ಬರ್ ತಡೆ: ಎಚ್‌ಕೆ 91 ಮತ್ತು ಪಿಟಿಆರ್ 91 ರೈಫಲ್‌ಗಳ ಪೋರ್ಟ್ ಬಫರ್

ಜರ್ಮನಿಯ ಎಚ್‌ಕೆ 91 ರೈಫಲ್ ಅಥವಾ ಅದರ ಅಮೆರಿಕನ್ ತದ್ರೂಪಿ ಪಿಟಿಆರ್ 91 ಹಾರಿಸಿದ ಖಾಲಿ ಕೇಸನ್ನು (ಗುಂಡು, ಮದ್ದು ಹಿಡಿದಿಡುವ ಹಿತ್ತಾಳೆಯ ಕೊಳವೆ) ಒಮ್ಮೆ ನೋಡಿದವರು ಮತ್ತೆ ಎಲ್ಲಿ ಕಂಡರೂ ಗುರುತು ಹಿಡಿಯುತ್ತಾರೆ. ಮೈಮೇಲೆ ಉದ್ದುದ್ದ ಮಸಿ ಗೆರೆಗಳು, ಹೊಟ್ಟೆಯ ನಡುವೆ ಅರ್ಧಚಂದ್ರದಂಥ ಆಳವಾದ ನೆಗ್ಗು, ಕೆಲವೊಮ್ಮೆ ಚಪ್ಪಟೆಯಾದ ಬಾಯಿ. ಗೆರೆಗಳಿಂದ ಏನೂ ತೊಂದರೆಯಿಲ್ಲ. ಕೇಸನ್ನು ಮತ್ತೆ ತುಂಬಿ ಬಳಸುವವರಿಗೆ ತಲೆನೋವು ಆ ನೆಗ್ಗು. ಅದನ್ನು ತಡೆಯಲೆಂದೇ ಮಾರುವ ಪುಟ್ಟ ಬಿಡಿಭಾಗ ಪೋರ್ಟ್ ಬಫರ್. ಪೋರ್ಟ್ ಎಂದರೆ ಖಾಲಿ ಕೇಸು ಹೊರಬೀಳುವ ಕಿಂಡಿ. ಭಾರತದಲ್ಲಿ ಈ ಜಾತಿಯ ರೈಫಲ್ ಸಾಮಾನ್ಯ ನಾಗರಿಕ ಲೈಸೆನ್ಸಿಗೆ ಸಿಗುವಂಥದ್ದಲ್ಲ. ಆದ್ದರಿಂದ ಈ ವಿಮರ್ಶೆ ಅಮೆರಿಕದಲ್ಲಿದ್ದು ರೇಂಜಿಗೆ ಹೋಗುವ, ಮನೆಯಲ್ಲೇ ರೀಲೋಡಿಂಗ್ ಪ್ರೆಸ್ ಇಟ್ಟುಕೊಂಡ ಕನ್ನಡಿಗರಿಗೆ.

ಬಫರ್ ಏನು ಮಾಡುತ್ತದೆಂದು ತಿಳಿಯಲು ನೆಗ್ಗು ಬೀಳುವ ಬಗೆ ಗೊತ್ತಿರಬೇಕು. ಜರ್ಮನ್ ಸೇನೆಯ ಜಿ3 ರೈಫಲಿನ ಮಾದರಿಯ ಈ ರೈಫಲ್‌ಗಳಲ್ಲಿ ಗ್ಯಾಸ್ ಪಿಸ್ಟನ್ ಇಲ್ಲ, ಗ್ಯಾಸ್ ಕೊಳವೆಯೂ ಇಲ್ಲ. ಎರಡು ರೋಲರ್‌ಗಳು, ಗುಂಡು ಕೂರುವ ಚೇಂಬರನ್ನು ಮುಚ್ಚಿರುವ ಬೋಲ್ಟ್ ತೆರೆಯುವುದನ್ನು ಕ್ಷಣಮಾತ್ರ ತಡಮಾಡುತ್ತವೆ, ಅಷ್ಟೆ. ಒಳಗೆ ಒತ್ತಡ ಇನ್ನೂ ಇರುವಾಗಲೇ ಕೇಸು ಹಿಂದಕ್ಕೆ ಸರಿಯತೊಡಗುತ್ತದೆ. ಅದು ಚೇಂಬರಿನ ಗೋಡೆಗೆ ಅಂಟಿಕೊಳ್ಳದಿರಲಿ ಎಂದು ಚೇಂಬರಿನಲ್ಲಿ ಉದ್ದನೆಯ ತೋಡುಗಳನ್ನು ಕೊರೆದಿರುತ್ತಾರೆ. ಮೂಲ ಜಿ3ಯಲ್ಲಿ ಇವು 12. ಮಸಿ ಗೆರೆಗಳು ಬರುವುದು ಇವುಗಳಿಂದ. ಬೋಲ್ಟ್ ಭಾರಿ ವೇಗದಲ್ಲಿ ಹಿಂದೆ ಬರುತ್ತದೆ, ಎಜೆಕ್ಟರ್ ಕೇಸಿನ ತಳದ ಎಡಬದಿಗೆ ತಾಗುತ್ತದೆ, ಕೇಸು ಬಲಕ್ಕೆ ಗಿರ್ರನೆ ತಿರುಗಿ ಹೊರಬೀಳುತ್ತದೆ. ತಿರುಗುವ ರಭಸಕ್ಕೆ ಅದರ ಹೊಟ್ಟೆ ಪೋರ್ಟಿನ ಹಿಂದಿನ ಉಕ್ಕಿನ ಅಂಚಿಗೆ ಬಡಿಯುತ್ತದೆ. ಬಡಿದು ಮುಂದಕ್ಕೆ ಚಿಮ್ಮಿ 30 ಅಡಿ ದಾಟಿ ಬೀಳುವುದು ಇಲ್ಲಿ ಮಾಮೂಲು.

ಗ್ಯಾಸಿನಿಂದ ನಡೆಯುವ ಎಫ್‌ಎಎಲ್ ರೈಫಲ್ ಕೇಸನ್ನು ಹೀಗೆ ಎಸೆದರೆ ಗ್ಯಾಸ್ ರೆಗ್ಯುಲೇಟರ್ ತಿರುಗಿಸಿ ರಭಸ ತಗ್ಗಿಸಬಹುದು. ಎಆರ್ 15 ರೈಫಲಿನಲ್ಲಿ ಹೆಚ್ಚು ತೂಕದ ರಿಕಾಯಿಲ್ ಬಫರ್ (ಬೋಲ್ಟಿನ ಹಿಂದಿನ ತೂಕದ ತುಂಡು, ಪೋರ್ಟ್ ಬಫರ್ ಅಲ್ಲ) ಹಾಕಬಹುದು, ಕೇಸನ್ನು ಅತ್ತ ತಿರುಗಿಸುವ ಡಿಫ್ಲೆಕ್ಟರ್ ಗುಬ್ಬಿಯ ಮೇಲೆ ವೆಲ್ಕ್ರೋದ ಮೆತ್ತನೆಯ ಬದಿಯ ತುಂಡೊಂದನ್ನು ಅಂಟಿಸಿದರೂ ಸಾಕು. ಎಚ್‌ಕೆ 91ರಲ್ಲಿ ತಿರುಗಿಸಲು ಅಂಥ ರೆಗ್ಯುಲೇಟರೇ ಇಲ್ಲ. ಕೇಸು ಬಡಿಯುವ ಜಾಗವನ್ನು ಮೆತ್ತಗೆ ಮಾಡುವುದೇ ಸುಲಭದ ದಾರಿ, ಪೋರ್ಟ್ ಬಫರ್ ಮಾಡುವುದೂ ಅದನ್ನೇ.

ವಸ್ತು ಸರಳ: ರಿಸೀವರಿನ (ಬೋಲ್ಟ್ ಓಡಾಡುವ ರೈಫಲಿನ ಒಡಲು) ಬಲಬದಿಯ ಉಬ್ಬನ್ನು ಪೋರ್ಟಿನ ಹಿಂದೆ ಹಿಡಿದುಕೊಳ್ಳುವ ಒಂದು ಕ್ಲ್ಯಾಂಪ್, ಅದರ ಮುಂಭಾಗದಲ್ಲಿ ಗಟ್ಟಿ ರಬ್ಬರಿನ ದಿಂಬು. ಒತ್ತಿದರೆ ಕಚ್ಚಿಕೊಳ್ಳುವ ಬಗೆಯೂ ಇದೆ, ಸ್ಕ್ರೂ ಬಿಗಿಸುವ ಬಗೆಯೂ ಇದೆ. ನಮ್ಮ ಒಲವು ಸ್ಕ್ರೂ ಇರುವುದಕ್ಕೆ. ಕಚ್ಚಿಕೊಳ್ಳುವ ಬಗೆಯನ್ನು ತೆಗೆದು ಹಾಕುವುದು ಸಲೀಸು ನಿಜ, ಆದರೆ ಈ ರೈಫಲಿನ 7.62×51 ಗುಂಡಿನ ಒದೆತಕ್ಕೆ ಅದು ಹಿಂದಕ್ಕೆ ಜಾರುವ ಸಂಭವ ಹೆಚ್ಚು.

ಕೂರಿಸುವ ಮುನ್ನ ಮ್ಯಾಗಜಿನ್ ತೆಗೆಯಿರಿ, ಕಾಕಿಂಗ್ ಹ್ಯಾಂಡಲನ್ನು ಹಿಂದೆಳೆದು ಮೇಲಿನ ಕಚ್ಚಿನಲ್ಲಿ ನಿಲ್ಲಿಸಿ, ಚೇಂಬರ್ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ರಿಸೀವರಿನ ಮೇಲಿನ ಎಣ್ಣೆಯನ್ನು ಒರೆಸಿ ತೆಗೆಯಿರಿ, ಜಾರುವುದಕ್ಕೆ ಮೊದಲ ಕಾರಣ ಅದೇ. ದಿಂಬಿನ ಮುಂತುದಿ ಪೋರ್ಟಿನ ಹಿಂದಿನ ಅಂಚಿಗೆ ಸರಿಯಾಗಿ ಕೂಡಬೇಕು, ಪೋರ್ಟಿನೊಳಕ್ಕೆ ಚಾಚಬಾರದು. ಚಾಚಿದರೆ ಕೇಸು ರಬ್ಬರಿಗೆ ಬಡಿದು ಮತ್ತೆ ಒಳಕ್ಕೆ ಪುಟಿಯುತ್ತದೆ, ಮುಂದೆ ಬರುವ ಬೋಲ್ಟಿಗೆ ಸಿಕ್ಕಿಕೊಂಡು ರೈಫಲ್ ಜಾಮ್ ಆಗುತ್ತದೆ. ತೀರಾ ಹಿಂದಿದ್ದರೆ ಉಕ್ಕಿನ ಅಂಚು ಬಯಲಾಗಿಯೇ ಉಳಿದು ಹಳೆಯ ನೆಗ್ಗು ಹಾಗೇ ಬೀಳುತ್ತದೆ. ಸ್ಕ್ರೂಗೆ ನೀಲಿ ಬಣ್ಣದ, ಬೇಕೆಂದಾಗ ಬಿಚ್ಚಲು ಬರುವ ಥ್ರೆಡ್‌ಲಾಕರ್ ಒಂದು ಹನಿ ಸಾಕು. ರಿಸೀವರ್ ತೆಳು ಉಕ್ಕಿನ ಹಾಳೆಯಿಂದ ಒತ್ತಿ ಮಾಡಿದ್ದು, ಶಕ್ತಿಯೆಲ್ಲ ಹಾಕಿ ಬಿಗಿಸಬೇಡಿ.

ಹತ್ತು ಗುಂಡು ಹಾರಿಸಿ ದಿಂಬನ್ನು ನೋಡಿ. ಹಿತ್ತಾಳೆಯ ಹಳದಿ ಗುರುತು ದಿಂಬಿನ ನಡುವೆ ಬಿದ್ದಿದ್ದರೆ ಜಾಗ ಸರಿ. ಗುರುತು ಅಂಚಿನಲ್ಲಿದ್ದರೆ ಒಂದೆರಡು ಮಿಲಿಮೀಟರ್ ಸರಿಸಿ ಮತ್ತೆ ಹಾರಿಸಿ. ಸ್ಕೋಪಿಗೆ ಕ್ಲಾ ಮೌಂಟ್ (ರಿಸೀವರನ್ನು ಕಚ್ಚಿ ಹಿಡಿಯುವ ಹಿಡಿಕೆ) ಹಾಕಿದವರು ಕೊಳ್ಳುವ ಮೊದಲೇ ಅದರ ಹಿಂದಿನ ಕಾಲು ಮತ್ತು ಬಫರ್ ಒಂದಕ್ಕೊಂದು ತಾಗುವುದಿಲ್ಲವೇ ಎಂದು ಅಳೆದುಕೊಳ್ಳಲಿ.

ಫಲ? ಸರಿಯಾಗಿ ಕೂತ ಬಫರ್ ಇದ್ದರೆ ಕೇಸುಗಳು ಹೆಚ್ಚೂಕಡಿಮೆ 10 ಅಡಿಯೊಳಗೆ ಬೀಳುತ್ತವೆ, ಬಲಕ್ಕೆ ಒಂದು ತಾಡಪಾಲು ಹಾಸಿದರೆ ಹುಲ್ಲಿನಲ್ಲಿ ಹುಡುಕುವ ಕೆಲಸ ಬಹುಪಾಲು ತಪ್ಪುತ್ತದೆ. ಹೊಟ್ಟೆಯ ಆಳದ ನೆಗ್ಗು ಹೋಗಿ ಬೆರಳಿಗಷ್ಟೇ ತಿಳಿಯುವ ತಗ್ಗು ಉಳಿಯುತ್ತದೆ. ಬಾಯಿ ಚಪ್ಪಟೆಯಾಗುವುದು ಕಡಿಮೆಯಾದರೂ ಪೂರ್ತಿ ನಿಲ್ಲುವುದಿಲ್ಲ, ಕಾಂಕ್ರೀಟ್ ನೆಲದ ರೇಂಜಿನಲ್ಲಂತೂ ನಿಲ್ಲುವುದೇ ಇಲ್ಲ. ಬಲೆಯ ಚೀಲ ಕಟ್ಟುವುದನ್ನು ಇದಕ್ಕೆ ಬದಲಿ ಎಂದು ಮಾರುವವರಿದ್ದಾರೆ. ಅದು ಬದಲಿಯಲ್ಲ: ಕೇಸು ಚೀಲಕ್ಕೆ ಬೀಳುವ ಮೊದಲೇ ಅಂಚಿಗೆ ಬಡಿದಾಗಿರುತ್ತದೆ.

ಈಗಾಗಲೇ ನೆಗ್ಗಿದ ಕೇಸುಗಳ ರಾಶಿ ಇಟ್ಟುಕೊಂಡವರು ಎಲ್ಲವನ್ನೂ ಎಸೆಯಬೇಕಿಲ್ಲ. ಸೈಜಿಂಗ್ ಡೈ (ಕೇಸನ್ನು ಮತ್ತೆ ಸರಿ ಅಳತೆಗೆ ತರುವ ಅಚ್ಚು) ನೆಗ್ಗನ್ನು ಎತ್ತುತ್ತದೆ ಎಂಬ ನಂಬಿಕೆ ಹಲವರಲ್ಲಿದೆ, ಅದು ತಪ್ಪು. ಡೈ ಹೊರಗಿನಿಂದ ಒತ್ತುತ್ತದೆ. ಒಳಗಿನಿಂದ ತಳ್ಳುವುದು ಡೈಯ ನಡುಕಡ್ಡಿಯಲ್ಲಿರುವ ಎಕ್ಸ್‌ಪ್ಯಾಂಡರ್ ಉಂಡೆ ಮಾತ್ರ, ಅದೂ ಕಂಠದಲ್ಲಷ್ಟೇ. ಹೊಟ್ಟೆಯ ನೆಗ್ಗು ನೇರವಾಗುವುದು ಮುಂದಿನ ಸಲ ಹಾರಿಸಿದಾಗ, ಒಳಗಿನ ಒತ್ತಡಕ್ಕೆ. ಹಾಗಾಗಿ ಬಟ್ಟಲಿನಂತೆ ನುಣುಪಾಗಿ ಒಳಸರಿದ ನೆಗ್ಗಿದ್ದರೆ ತುಂಬಬಹುದು. ಆದರೆ ನೆಗ್ಗು ಒಳಗಿನ ಜಾಗವನ್ನು ಕಿತ್ತುಕೊಂಡಿರುವುದರಿಂದ ಒತ್ತಡ ಸ್ವಲ್ಪ ಏರುತ್ತದೆ. ಅಂಥ ಕೇಸಿಗೆ ಕೈಪಿಡಿಯ ಆರಂಭಿಕ ಪ್ರಮಾಣದ ಮದ್ದು ಮಾತ್ರ, ಗರಿಷ್ಠದ ಹತ್ತಿರ ಹೋಗಲೇಬೇಡಿ. ಕಾಗದ ಮಡಿಚಿದಂಥ ಚೂಪಾದ ಗೆರೆ ಬಿದ್ದಿದ್ದರೆ, ಉಗುರು ಸಿಕ್ಕಿಕೊಂಡರೆ, ಆ ಕೇಸು ಗುಜರಿಗೆ. ಮಡಿಕೆಯಲ್ಲಿ ಹಿತ್ತಾಳೆ ಬಿರುಕು ಬಿಡುತ್ತದೆ.

ಬಾಯಿ ಚಪ್ಪಟೆಯಾಗಿದ್ದರೆ ಡೈಗೆ ಹಾಕುವ ಮೊದಲೇ ಮೊನಚಾದ ಪಂಚಿನಿಂದ ಮೆಲ್ಲಗೆ ದುಂಡಗೆ ಮಾಡಿ. ಹಾಗೇ ತಳ್ಳಿದರೆ ಹಳೆಯ ಪ್ರೈಮರನ್ನು (ಮದ್ದು ಹೊತ್ತಿಸುವ ತಳದ ಬಿಲ್ಲೆ) ಹೊರತಳ್ಳುವ ಡಿಕ್ಯಾಪಿಂಗ್ ಕಡ್ಡಿ ಅಂಚಿಗೆ ತಾಗಿ ಬಾಗುತ್ತದೆ. ಇನ್ನೊಂದು ಗೊಂದಲ: ಸೈಜ್ ಮಾಡಿದ ಮೇಲೆ ಕೇಸಿನ ಭುಜದಲ್ಲಿ ಸಣ್ಣ ನೆಗ್ಗು ಕಂಡರೆ ಅದಕ್ಕೆ ರೈಫಲ್ ಕಾರಣವಲ್ಲ. ಲೂಬ್ರಿಕೆಂಟ್ ಹೆಚ್ಚಾಗಿದೆ, ಇಲ್ಲವೇ ಡೈಯ ಗಾಳಿರಂಧ್ರ ಮುಚ್ಚಿದೆ.

ನೆಗ್ಗಿಲ್ಲದ ಕೇಸನ್ನೂ ಈ ರೈಫಲಿನಲ್ಲಿ ಹೆಚ್ಚು ನಂಬಬೇಡಿ. ಒತ್ತಡವಿರುವಾಗಲೇ ಎಳೆಸಿಕೊಂಡ ಹಿತ್ತಾಳೆ ತಳದ ಬಳಿ ಬೇಗ ತೆಳುವಾಗುತ್ತದೆ. ತುದಿ ಬಾಗಿಸಿದ ಪೇಪರ್ ಕ್ಲಿಪ್ಪನ್ನು ಒಳಗಿಳಿಸಿ ಗೋಡೆಗುಂಟ ಎಳೆಯಿರಿ. ತಳದ ಸ್ವಲ್ಪ ಮೇಲೆ ಅದು ಹಳ್ಳಕ್ಕೆ ಬಿದ್ದಂತಾದರೆ, ಅಥವಾ ಹೊರಗೆ ಹೊಳೆಯುವ ಉಂಗುರ ಕಂಡರೆ, ಅಲ್ಲಿಗೆ ನಿಲ್ಲಿಸಿ. 7.62×51ರ ನಾಗರಿಕ ಜೋಡಿಯಾದ .308 ವಿಂಚೆಸ್ಟರ್ ಕೇಸಿನ ಗರಿಷ್ಠ ಉದ್ದ 51.18 ಮಿ.ಮೀ., ಕತ್ತರಿಸಬೇಕಾದ ಉದ್ದ 50.93 ಮಿ.ಮೀ. ಪ್ರತಿ ಸಲವೂ ಅಳೆಯಿರಿ. ಎಲ್ಲ ಸರಿಯಿದ್ದರೂ ನಾಲ್ಕು ಮರುಬಳಕೆಗೆ ಮುಗಿಸುವುದು ನಮ್ಮ ಲೆಕ್ಕ.

ಎಸೆತ ಇದ್ದಕ್ಕಿದ್ದಂತೆ ಜೋರಾಗಿದ್ದರೆ ಬಫರ್ ಕೊಂಡು ಸುಮ್ಮನಾಗಬೇಡಿ. ಮ್ಯಾಗಜಿನ್ ಜಾಗದಿಂದ ಫೀಲರ್ ಗೇಜ್ ಹಾಕಿ ಬೋಲ್ಟ್ ತಲೆ ಮತ್ತು ಅದನ್ನು ಹೊತ್ತ ಕ್ಯಾರಿಯರ್ ನಡುವಿನ ಸಂದು ಅಳೆಯಿರಿ: 0.10ರಿಂದ 0.50 ಮಿ.ಮೀ. ಒಳಗಿರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಸವೆದ ರೋಲರ್‌ಗಳ ವಿಚಾರವನ್ನು ಗನ್‌ಸ್ಮಿತ್ ನೋಡಬೇಕು. ಹಿಂಬದಿಯ ರಿಕಾಯಿಲ್ ಬಫರ್ ಸೋತಿದೆಯೇ ಎಂಬುದನ್ನೂ ಆಗಲೇ ನೋಡಿಸಿ. ರಬ್ಬರ್ ದಿಂಬು ಇವೆರಡನ್ನೂ ಸರಿಮಾಡುವುದಿಲ್ಲ.

ಸ್ಟೀಲ್ ಕೇಸಿನ ಗುಂಡು ಅಥವಾ ಜರ್ಮನಿಯ ಡಿಎಜಿಯಂಥ ಬರ್ಡನ್ ಪ್ರೈಮರಿನ ಮಿಲಿಟರಿ ಸರಕು ಹಾರಿಸುವವರು ಕೇಸಿಗಾಗಿ ಬಫರ್ ಕೊಳ್ಳುವ ಅಗತ್ಯವಿಲ್ಲ. ಅವನ್ನು ಮಾಮೂಲಿ ಪ್ರೆಸ್ಸಿನಲ್ಲಿ ಹೇಗೂ ಮತ್ತೆ ತುಂಬಲಾಗುವುದಿಲ್ಲ. ಬರ್ಡನ್ ಕೇಸಿನ ತಳದಲ್ಲಿ ಎರಡು ರಂಧ್ರವಿದ್ದು ನಡುವಿನಲ್ಲಿ ಇಳಿಯುವ ಕಡ್ಡಿ ಮುರಿಯುತ್ತದೆ. ಆದರೆ ರೇಂಜಿನಲ್ಲಿ ಬಲಪಕ್ಕದ ಲೇನಿನವರ ಮೇಲೆ ಬಿಸಿ ಕೇಸು ಹಾರುವುದು ಕಡಿಮೆಯಾಗಲೆಂದು ಅವರೂ ಹಾಕಿಕೊಂಡರೆ ಒಳ್ಳೆಯದು. ತಳದ ನಡುವೆ ಒಂದೇ ರಂಧ್ರವಿರುವ, ಒಳ್ಳೆಯ ಬಾಕ್ಸರ್ ಪ್ರೈಮರ್ ಹಿತ್ತಾಳೆ ಹಾರಿಸಿ, ಹೆಕ್ಕಿ, ತುಂಬುವವರು ಈ ರೈಫಲಿಗೆ ಸ್ಕೋಪ್ ಕೊಳ್ಳುವ ಮೊದಲು ಇದನ್ನು ಕೊಳ್ಳಲಿ. ರಬ್ಬರ್ ಬಿರುಕು ಬಿಟ್ಟರೆ ಅಥವಾ ಉಕ್ಕು ಇಣುಕಿದರೆ ದಿಂಬು ಬದಲಿಸಿ. ದಿಂಬು ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ.