ಮೇರಿ ಆಂಟೊನೆಟ್: ಜ್ವೈಗ್ ಓದಬೇಕಾ, ಫ್ರೇಸರ್ ಓದಬೇಕಾ?

ಕಾದಂಬರಿ ಥರ ಓದಿಸಿಕೊಂಡು ಹೋಗುವ ಜೀವನಚರಿತ್ರೆ ಬೇಕು ಅನ್ನುವವರಿಗೆ ಫ್ರಾನ್ಸಿನ ಈ ರಾಣಿಯ ಬಗ್ಗೆ ಎರಡು ಪುಸ್ತಕಗಳಿವೆ. ಒಂದು ಸ್ಟೀಫನ್ ಜ್ವೈಗ್ 1932ರಲ್ಲಿ ಜರ್ಮನ್‌ನಲ್ಲಿ ಬರೆದದ್ದು, ಇನ್ನೊಂದು ಆಂಟೋನಿಯಾ ಫ್ರೇಸರ್ 2001ರಲ್ಲಿ ತಂದದ್ದು. ಎರಡನ್ನೂ ಇಂಗ್ಲಿಷಿನಲ್ಲೇ ಓದಿದೆ, ಒಂದರ ಹಿಂದೊಂದು.

ನಿದ್ದೆಗೆಡಿಸಿದ್ದು ಜ್ವೈಗ್. ಆತನ ಪ್ರಕಾರ ಈಕೆ ತೀರಾ ಸಾಧಾರಣ ಹೆಂಗಸು, ಕಷ್ಟ ಬಂದು ಬಡಿದ ಮೇಲೇ ಗಟ್ಟಿಯಾದವಳು. ಫ್ರೆಂಚ್ ಕ್ರಾಂತಿಯ ನಡುವೆ, 1791ರ ಜೂನ್‌ನಲ್ಲಿ ರಾಜಕುಟುಂಬ ವೇಷ ಮರೆಸಿಕೊಂಡು ಪ್ಯಾರಿಸ್‌ನಿಂದ ಓಡಿಹೋಗುವ ಭಾಗವಂತೂ ಬಿಡಿ, ವರೆನ್ ಅನ್ನೋ ಊರಲ್ಲಿ ಸಿಕ್ಕಿಬೀಳುತ್ತಾರೆ ಅಂತ ಮೊದಲೇ ಗೊತ್ತಿದ್ದರೂ, ಆ ಭಾರದ ಗಾಡಿ ತಡ ಆಗ್ತಾ ಆಗ್ತಾ, ದಾರಿಯಲ್ಲಿ ಕಾವಲಿಗೆ ನಿಂತಿದ್ದ ಕುದುರೆ ಸವಾರರು ಕಾದು ಕಾದು ಹೊರಟೇ ಹೋದಾಗ, 'ಬೇಗ ಹೋಗ್ರಪ್ಪಾ' ಅಂತ ಬಾಯಿಗೆ ಬರುತ್ತದೆ.

ಆದರೆ ಜ್ವೈಗ್ ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟುತ್ತಾನೆ. 1770ರಲ್ಲಿ, 14ನೇ ವಯಸ್ಸಿಗೆ ಮದುವೆ. ಏಳು ವರ್ಷ ಗಂಡ ಹೆಂಡತಿ ಕೂಡಲಿಲ್ಲ. ಗಂಡನಿಗೆ, ಅಂದರೆ ರಾಜ ಹದಿನಾರನೇ ಲೂಯಿಗೆ, ದೇಹದಲ್ಲೇ ದೋಷ ಇತ್ತು, ಸಣ್ಣ ಆಪರೇಷನ್ ಆದ ಮೇಲೆ ಸರಿಹೋಯ್ತು, ಅವಳ ಜೂಜು, ಒಡವೆ, ಕುಣಿತದ ಹುಚ್ಚಿಗೆಲ್ಲ ಇದೇ ಮೂಲ ಅಂತ ಆತನ ವಾದ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಫ್ರೇಸರ್ ಇದನ್ನು ಒಪ್ಪುವುದಿಲ್ಲ. ಆಪರೇಷನ್ ಆಗಲೇ ಇಲ್ಲ, ಇಬ್ಬರಿಗೂ ಏನೂ ಗೊತ್ತಿರಲಿಲ್ಲ ಅಷ್ಟೇ, 1777ರಲ್ಲಿ ರಾಣಿಯ ಅಣ್ಣ ಜೋಸೆಫ್ ವಿಯೆನ್ನಾದಿಂದ ಬಂದು ಭಾವನನ್ನು ಕೂರಿಸಿಕೊಂಡು ಮಾತಾಡಿದ ಅನ್ನುತ್ತಾಳೆ. ನನಗೆ ಇದೇ ನಂಬುವ ಹಾಗಿದೆ.

ಫ್ರೇಸರ್ ಶುರುವಿನಲ್ಲಿ ನಿಧಾನ. ರಾಣಿಯ ತವರಾದ ಹ್ಯಾಬ್ಸ್‌ಬರ್ಗ್ ರಾಜಮನೆತನದ ನೆಂಟರಿಷ್ಟರ ಪಟ್ಟಿ ಜಾಸ್ತಿ ಆಯ್ತು, ಕೆಲವು ಪುಟ ಸುಮ್ನೆ ಹಾರಿಸಿದೆ. ಆಮೇಲೆ ಹಿಡಿತ ಸಿಗುತ್ತದೆ. ಮಗಳಿಗೆ ಬುದ್ಧಿ ಹೇಳುತ್ತಲೇ ತನ್ನ ರಾಯಭಾರಿ ಮರ್ಸಿಯಿಂದ ಅವಳ ಮೇಲೆ ಗುಟ್ಟಾಗಿ ವರದಿ ತರಿಸಿಕೊಳ್ಳುವ ತಾಯಿ, ಆಸ್ಟ್ರಿಯಾದ ಮಹಾರಾಣಿ ಮರಿಯಾ ತೆರೇಸಾ ಇಲ್ಲಿ ಯಾವ ಕಾದಂಬರಿಯ ಅತ್ತೆಗೂ ಕಡಿಮೆಯಿಲ್ಲ. 'ರೊಟ್ಟಿ ಇಲ್ಲದಿದ್ದರೆ ಕೇಕ್ ತಿನ್ನಲಿ' ಅಂದದ್ದೂ ಇವಳಲ್ಲವಂತೆ. ಅದೇ ಥರದ ಮಾತನ್ನು ಮೊದಲೇ ಬೇರೆ ರಾಜಮನೆತನದ ಹೆಂಗಸರ ತಲೆಗೂ ಕಟ್ಟಿದ್ದರು.

1793ರ ಅಕ್ಟೋಬರ್‌ನಲ್ಲಿ ಕ್ರಾಂತಿಯ ನ್ಯಾಯಾಲಯದಲ್ಲಿ ನಡೆದ ರಾಣಿಯ ವಿಚಾರಣೆಯ ಭಾಗದಲ್ಲಿ ಮಾತ್ರ ನನ್ನ ಓಟು ಫ್ರೇಸರ್‌ಗೆ. ಸ್ವಂತ ಮಗನನ್ನೇ ಕೆಡಿಸಿದಳು ಅಂತ ಹೊರಿಸಿದ ಹೊಲಸು ಆರೋಪಕ್ಕೆ ರಾಣಿ ಅಲ್ಲಿದ್ದ ತಾಯಂದಿರನ್ನೇ ಸಾಕ್ಷಿಗೆ ಕರೆಯುತ್ತಾಳಲ್ಲ, ಅಲ್ಲಿ ಜ್ವೈಗ್ ದನಿ ಏರಿಸುತ್ತಾನೆ, ಫ್ರೇಸರ್ ತಣ್ಣಗೆ ಹೇಳುತ್ತಾಳೆ, ಆ ತಣ್ಣನೆಯದೇ ಹೆಚ್ಚು ಚುಚ್ಚಿತು. ಒಂದನ್ನೇ ಕೊಳ್ಳುವುದಾದರೆ ಜ್ವೈಗ್ ತಗೊಳ್ಳಿ, ಆದರೆ ಆ ಆಪರೇಷನ್ ಕತೆಯನ್ನು ಯಾರ ಮುಂದೆಯೂ ನಿಜ ಅಂತ ಹೇಳಬೇಡಿ.