ಹೃದಯ ಕಸಿ ಬಯಾಪ್ಸಿಯ ವರದಿ ಸೇವೆ: ಎರಡು ವರ್ಷಗಳ ಬಳಕೆಯ ನಂತರ

ಕಸಿಯಾದ ಹೃದಯವನ್ನು ದೇಹ ತಿರಸ್ಕರಿಸುತ್ತಿದೆಯೇ, ಅಂದರೆ ರೋಗನಿರೋಧಕ ವ್ಯವಸ್ಥೆ ಅದರ ಮೇಲೆ ದಾಳಿ ಮಾಡುತ್ತಿದೆಯೇ ಎಂದು ತಿಳಿಯಲು ತೆಗೆದ ಬಯಾಪ್ಸಿ ತುಣುಕುಗಳನ್ನು ನಮ್ಮ ತಂಡ ಎರಡು ವರ್ಷಗಳಿಂದ ಒಂದೇ ಪ್ರಯೋಗಾಲಯಕ್ಕೆ ಕಳುಹಿಸುತ್ತಿದೆ. ವರದಿ ಮಾರನೆಯ ದಿನವೇ ಕೈಸೇರುತ್ತದೆ; ವೇಗದ ಬಗ್ಗೆ ದೂರಿಲ್ಲ.

ಬಯೋಪ್ಟೋಮ್ ಎಂಬ, ರಕ್ತನಾಳದ ಮೂಲಕ ತೂರಿಸುವ ಸಣ್ಣ ಇಕ್ಕಳ ಬಳಸಿ ಬಲ ಹೃತ್ಕುಕ್ಷಿಯಿಂದ ತೆಗೆಯುವ ತುಣುಕು ಸಾಸಿವೆ ಕಾಳಿನಷ್ಟಿರುತ್ತದೆ. ಕನಿಷ್ಠ ಮೂರು ತುಣುಕುಗಳಿದ್ದು, ಪ್ರತಿಯೊಂದರಲ್ಲೂ ಅರ್ಧದಷ್ಟಾದರೂ ಗಾಯದ ಕಲೆಯಿಲ್ಲದ ಸ್ನಾಯುವಿದ್ದರೆ ಮಾತ್ರ, ತಿರಸ್ಕಾರದ ತೀವ್ರತೆಯನ್ನು ಹೇಳುವ ಶ್ರೇಣಿಗೆ ಅರ್ಥವಿರುತ್ತದೆ. ಯೋಗ್ಯ ತುಣುಕುಗಳ ಸಂಖ್ಯೆಯನ್ನು ಈ ಪ್ರಯೋಗಾಲಯ ಮೊದಲ ಸಾಲಿನಲ್ಲೇ ನಮೂದಿಸುತ್ತದೆ. ನಮ್ಮ ಕೈ ಸೋತ ದಿನಗಳಲ್ಲಿ ಅದನ್ನು ಓದಲು ಮುಜುಗರವಾದರೂ ಈ ಪ್ರಾಮಾಣಿಕತೆಯೇ ಸೇವೆಯ ಅತ್ಯುತ್ತಮ ಗುಣ.

ಅಸಮಾಧಾನ ಹುಟ್ಟಿದ್ದು ಶ್ರೇಣಿಯ ವಿಚಾರದಲ್ಲಿ. ಅಂತರರಾಷ್ಟ್ರೀಯ ಹೃದಯ ಮತ್ತು ಶ್ವಾಸಕೋಶ ಕಸಿ ಸಂಘವು 1990ರ ಶ್ರೇಣಿಪಟ್ಟಿಯನ್ನು 2004ರಲ್ಲಿ ಪರಿಷ್ಕರಿಸಿ, ಹಳೆಯ 1ಎ, 1ಬಿ ಮತ್ತು 2ನ್ನು 1ಆರ್ (ಸೌಮ್ಯ ತಿರಸ್ಕಾರ) ಎಂದು ಒಗ್ಗೂಡಿಸಿತು. 3ಎ ಎಂಬುದು 2ಆರ್ (ಮಧ್ಯಮ) ಆಯಿತು, 3ಬಿ ಮತ್ತು 4 ಸೇರಿ 3ಆರ್ (ತೀವ್ರ) ಆದವು. ರೋಗಲಕ್ಷಣಗಳಿಲ್ಲದ 1ಆರ್‌ಗೆ ಸಾಮಾನ್ಯವಾಗಿ ಹೆಚ್ಚುವರಿ ಚಿಕಿತ್ಸೆ ಬೇಕಿಲ್ಲ, 2ಆರ್ ಬಂದರೆ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಕೊಡುವುದು ವಾಡಿಕೆ. ಆದ್ದರಿಂದ ಈ ಒಂದು ಅಂಕಿಯ ಮೇಲೆ ಬಹಳಷ್ಟು ನಿಂತಿದೆ. ಒಮ್ಮೆ ಬರೇ "2ಆರ್" ಎಂಬ ವರದಿ ಬಂದಾಗ, ರೋಗಿ ಆರೋಗ್ಯವಾಗಿಯೇ ಇದ್ದು ಎಕೋ (ಹೃದಯದ ಅಲ್ಟ್ರಾಸೌಂಡ್) ಕೂಡ ಬದಲಾಗದೆ ಇದ್ದುದರಿಂದ, ಸ್ಲೈಡ್‌ಗಳನ್ನು ಮರಳಿ ನೋಡುವಂತೆ ಕೇಳಿಕೊಂಡೆವು. ಇನ್ನೂ ಆಳದ ಪದರಗಳನ್ನು ಕತ್ತರಿಸಿ ನೋಡಿದಾಗ, ಸ್ನಾಯುವಿನೊಳಗಿನ ಉರಿಯೂತದಂತೆ ತೋರಿದ ಲಿಂಫೋಸೈಟ್‌ಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಗುಂಪು ಹೃದಯದ ಒಳಪೊರೆಗೆ ಅಂಟಿಕೊಂಡೇ ಇತ್ತು: ಅದು ಕ್ವಿಲ್ಟಿ ಗಾಯ, ತಿರಸ್ಕಾರವಲ್ಲ. (ಕ್ವಿಲ್ಟಿ ಎನ್ನುವುದು ಅದು ಮೊದಲು ಕಂಡ ರೋಗಿಯ ಹೆಸರು.) ಇಂಥ ಗೊಂದಲ ಅನುಭವಿಗಳಿಗೂ ಆಗುತ್ತದೆ, ನಮ್ಮ ತಕರಾರು ತಪ್ಪಿನ ಕುರಿತಲ್ಲ, ಆ ಸಂಶಯದ ಸುಳಿವೂ ವರದಿಯಲ್ಲಿ ಇಲ್ಲದಿದ್ದುದರ ಕುರಿತು. ಅಲ್ಲಿಂದೀಚೆಗೆ 2ಆರ್ ಮತ್ತು ಮೇಲ್ಪಟ್ಟ ಪ್ರತಿ ವರದಿಗೂ ಎರಡನೆಯ ಪೆಥಾಲಜಿಸ್ಟ್‌ರ ಸಹಿಯಿರುತ್ತದೆ.

ಪ್ರತಿಕಾಯಗಳಿಂದಾಗುವ ತಿರಸ್ಕಾರದ ವಿಷಯದಲ್ಲಿ ಮಾತ್ರ ಸೇವೆ ಇನ್ನೂ ಹಿಂದಿದೆ. ಪ್ರತಿಕಾಯಗಳ ದಾಳಿಯ ಗುರುತಾಗಿ ಲೋಮನಾಳಗಳಲ್ಲಿ ಉಳಿಯುವ ಸಿ4ಡಿ ಎಂಬ ಪ್ರೋಟೀನ್ ತುಣುಕನ್ನು ತೋರಿಸುವ ಬಣ್ಣಗಾರಿಕೆಯನ್ನು ನಾವು ಕೇಳಿದರಷ್ಟೇ ಮಾಡುತ್ತಾರೆ. ಈ ಬಗೆಯ ತಿರಸ್ಕಾರಕ್ಕೆಂದೇ 2013ರಿಂದ ಬಳಕೆಯಲ್ಲಿರುವ ಪಿಎಎಂಆರ್ ಶ್ರೇಣಿಯನ್ನು ಬರೆಯುವುದೂ ಇಲ್ಲ. ಹೃದಯದ ಕಾರ್ಯ ಕುಗ್ಗಿದ್ದು ವರದಿ ಮಾತ್ರ 0ಆರ್ (ಕೋಶೀಯ ತಿರಸ್ಕಾರವಿಲ್ಲ) ಎಂದಾಗ ನಮಗೆ ಬೇಕಿರುವುದೇ ಅದು. ಕೋಶೀಯ ತಿರಸ್ಕಾರದ, ಅಂದರೆ ಪ್ರತಿಕಾಯಗಳ ಬದಲು ರೋಗನಿರೋಧಕ ಕೋಶಗಳಿಂದಾಗುವ ತಿರಸ್ಕಾರದ ವರದಿಗೆ ಇದೇ ಪ್ರಯೋಗಾಲಯವನ್ನು ಮುಂದುವರಿಸುತ್ತೇವೆ. ಸಿ4ಡಿ ಬೇಕೆಂಬ ಕೋರಿಕೆಯನ್ನು ಈಗ ಪ್ರತಿ ನಮೂನೆಯ ಮೇಲೂ ಕೈಯಿಂದಲೇ ಬರೆದು ಕಳುಹಿಸುತ್ತಿದ್ದೇವೆ.